ಮಧ್ಯಾಹ್ನ ಮೂರರ ಹಿಮ

ಕಳೆದ ಗುರುವಾರ ಆಫೀಸಿನಲ್ಲಿ ನನ್ನ ಎದುರಿನ ಮೇಜಿನವರ ಬೀಳ್ಕೊಡುಗೆ ನಡೆಯಿತು. ಒಂದು ಕೇಕು, ಎರಡು ಟ್ರೇ ಸಮೋಸ, ನಾಲ್ಕು ಭಾಷಣ. ಹತ್ತೊಂಬತ್ತು ವರ್ಷ ಒಂದೇ ಕಂಪನಿಯಲ್ಲಿ ಕೂತು ದೊಡ್ಡ ದೊಡ್ಡ ಕಟ್ಟಡಗಳ ವಿದ್ಯುತ್ ಕೆಲಸಕ್ಕೆ ಅಂದಾಜುಪಟ್ಟಿ ಮಾಡಿದವರು ಎಂದು ನಾಲ್ಕೂ ಜನ ಹೇಳಿದರು. ಅವರ ಲೆಕ್ಕದಲ್ಲಿ ಒಂದು ಮೀಟರ್ ಕೇಬಲ್ ಕೂಡ ಹೆಚ್ಚುಕಡಿಮೆಯಾದದ್ದಿಲ್ಲ ಎಂದು ಮ್ಯಾನೇಜರ್ ಹೇಳಿದಾಗ ನಾನು ತಲೆ ತಗ್ಗಿಸಿ ಸಮೋಸ ನೋಡುತ್ತಿದ್ದೆ. ಅವರ ಟಿಕೆಟ್ ಮಾಡಿಸಿದ್ದು ನಾನೇ. ಅಬುಧಾಬಿಯಿಂದ ಮಂಗಳೂರಿಗೆ, ಒಬ್ಬರಿಗೆ, ಹೋಗುವುದು ಮಾತ್ರ. ಅವರ ಹೆಂಡತಿ ಮತ್ತು ಮಗಳು ಇರುವುದು ಕೆನಡಾದಲ್ಲಿ.

ಹಿಮದ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತಲು ಯಾರಿಗೂ ಪೂರ್ತಿ ಗೊತ್ತಿಲ್ಲ. ನನಗೆ ಗೊತ್ತು. ಎರಡು ಚಳಿಗಾಲದ ಲೆಕ್ಕ ನನ್ನ ಡೈರಿಗಳಲ್ಲಿ ಇದೆ: ಕೆನಡಾಕ್ಕೆ ಮಾಡಿದ ಕರೆ ಮೂವತ್ತೆಂಟು, ಅರ್ಧದಲ್ಲಿ ಕಡಿದುಹೋದದ್ದು ಇಪ್ಪತ್ತೊಂದು, "ಕೇಳ್ತದಾ?" ಎಂದು ಅವರು ಕೇಳಿದ್ದು ಎಣಿಸುವುದನ್ನು ಬಿಡುವ ತನಕ ನೂರ ಹದಿನಾಲ್ಕು.

ನಾನು ೨೦೧೪ರಲ್ಲಿ ಆ ಆಫೀಸಿಗೆ ಸೇರಿದೆ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಒಂದು ಹಳೆಯ ಕಟ್ಟಡದ ಮೆಜನೈನ್, ಅಂದರೆ ನೆಲಕ್ಕೂ ಮೊದಲ ಮಹಡಿಗೂ ನಡುವಿನ ಅರ್ಧ ಮಹಡಿ. ನನ್ನದು ಡಾಕ್ಯುಮೆಂಟ್ ಕಂಟ್ರೋಲರ್ ಕೆಲಸ. ಒಳಗೆ ಬಂದ, ಹೊರಗೆ ಹೋದ ಪ್ರತಿ ನಕ್ಷೆಗೂ ಪತ್ರಕ್ಕೂ ನಂಬರ್ ಕೊಡುವುದು, ತಾರೀಕು ಬರೆಯುವುದು, ತಿದ್ದಿದ ಪ್ರತಿ ಬಂದರೆ ಹಳೆಯದರ ಮೇಲೆ ರದ್ದು ಎಂದು ಮುದ್ರೆ ಒತ್ತುವುದು. ನಂಬರಿಲ್ಲದ ಕಾಗದ ನಮ್ಮಲ್ಲಿ ಕಾಗದವೇ ಅಲ್ಲ. ನನ್ನ ಮೇಜಿನ ಎದುರು ಅವರ ಮೇಜು. ಬೇರೆಯವರೆಲ್ಲ ಅವರನ್ನು ಸರ್ ಎನ್ನುತ್ತಿದ್ದರು. ನಾನು ಕಾರ್ಕಳದವಳು, ಅವರು ಮಂಗಳೂರಿನ ಕೊಂಕಣಿ ಕ್ರೈಸ್ತರು. ಊರಿನಲ್ಲಿ ಅಂಥವರನ್ನು ಕರೆಯುವ ಹಾಗೆ ಮೊದಲ ದಿನವೇ ನನ್ನ ಬಾಯಿಂದ "ಪೊರ್ಬುಗಳೇ" ಎಂದು ಬಂತು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹದಿನೈದು ವರ್ಷ ಆಯ್ತು ಮಾರಾಯ್ತಿ, ಹೀಗೆ ಯಾರೂ ಕರೀಲಿಲ್ಲ" ಎಂದು ನಕ್ಕು, ಪೆನ್ಸಿಲ್ ಕೆತ್ತುವುದನ್ನು ಮುಂದುವರಿಸಿದರು.

ಅವರು ಪೆನ್ಸಿಲನ್ನು ಬ್ಲೇಡಿನಿಂದ ಕೆತ್ತುತ್ತಿದ್ದರು. ಕಂಪ್ಯೂಟರ್ ಎದುರಿಗಿದ್ದರೂ ಮೊದಲ ಲೆಕ್ಕ ಕಾಗದದ ಮೇಲೆಯೇ. ಊಟದ ಡಬ್ಬಿಯ ಮುಚ್ಚಳದ ಮೇಲೆ ಮೀನಿನ ಮುಳ್ಳುಗಳನ್ನು ಸಾಲಾಗಿ ಜೋಡಿಸುತ್ತಿದ್ದರು. "ಕಾಗದದಲ್ಲಿ ಸರಿ ಇದ್ರೆ ಸೈಟಿನಲ್ಲಿ ಸರಿಯಾಗ್ತದೆ" ಎಂಬುದು ಅವರ ಮಾತು. ಸೈಟಿಗೆ ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಬೂಟಿಗೆ ಧೂಳು, ತಲೆಗೆ ಹೆಲ್ಮೆಟ್, ಮತ್ತೆ ಅಲ್ಲಿ ಯಾರೂ ಕಾಗದ ನೋಡುವುದಿಲ್ಲ. ಆದರೆ ಟೆಂಡರ್ ಮೀಟಿಂಗಿಗೆ ಅವರು ಒಳಗೆ ಬಂದರೆ ಲೆಬನಾನಿನ ಮ್ಯಾನೇಜರ್ ಕೂಡ ಎದ್ದು ನಿಲ್ಲುತ್ತಿದ್ದ.

ಹೆಂಡತಿ ಮಗಳನ್ನು ಅವರು ೨೦೧೩ರ ಬೇಸಗೆಯಲ್ಲಿ ಕೆನಡಾಕ್ಕೆ ಕರೆದುಕೊಂಡು ಹೋಗಿ, ಟೊರಾಂಟೊ ಪಕ್ಕದ ಒಂದು ಊರಿನಲ್ಲಿ ಬಾಡಿಗೆ ಮನೆ ಮಾಡಿಕೊಟ್ಟು, ಮೂರು ವಾರ ಇದ್ದು ವಾಪಸ್ ಬಂದಿದ್ದರು. ನಮ್ಮಲ್ಲಿ ಹಾಗೆ ಮಾಡುವವರು ತುಂಬ. ಕುಟುಂಬ ಅಲ್ಲಿ, ದುಡಿಯುವವ ಇಲ್ಲಿ. ಆದರೆ ಅಲ್ಲಿ ಕಾಯಂ ಇರುವ ಅನುಮತಿಯ ಕಾರ್ಡು ಉಳಿಯಬೇಕಾದರೆ ಐದು ವರ್ಷದಲ್ಲಿ ಎರಡು ವರ್ಷ ಅಲ್ಲೇ ಇರಬೇಕು. ಅಂದರೆ ೨೦೧೬ರ ಜುಲೈಯೊಳಗೆ ಹೋಗಿ ನಿಲ್ಲದಿದ್ದರೆ ಲೆಕ್ಕ ತುಂಬುವುದಿಲ್ಲ. ಇದನ್ನು ನನ್ನ ಡೈರಿಯ ಹಿಂದಿನ ಪುಟದಲ್ಲಿ ಕೂಡಿಸಿ ಕಳೆದು ತೋರಿಸಿದವಳು ನಾನೇ. ಅವರು "ಹೌದು, ಹೌದು" ಎಂದರು. "ಈ ಪ್ರಾಜೆಕ್ಟ್ ಹ್ಯಾಂಡೋವರ್ ಆಗಲಿ." ಆ ಮಾತನ್ನು ನಾನು ಹದಿನೇಳು ಸಲ ಬರೆದುಕೊಂಡಿದ್ದೇನೆ. ಅಷ್ಟರಲ್ಲಿ ನಾಲ್ಕು ಪ್ರಾಜೆಕ್ಟ್ ಮುಗಿದು ಹ್ಯಾಂಡೋವರ್ ಆದವು.

ಬಾಯಮ್ಮನಿಗೆ, ಅಂದರೆ ಅವರ ಹೆಂಡತಿಗೆ, ಅಲ್ಲಿ ಒಂದು ವೃದ್ಧಾಶ್ರಮದಲ್ಲಿ ಬೆಳಿಗ್ಗೆ ಏಳರ ಡ್ಯೂಟಿ. ಬಸ್ಸಿಲ್ಲದ ದಾರಿ, ಕಾರಿನಲ್ಲೇ ಹೋಗಬೇಕು. ಹಿಮ ಬಿದ್ದ ದಿನ ಮನೆಬಾಗಿಲಿನಿಂದ ರಸ್ತೆಯವರೆಗಿನ ದಾರಿ ತೆರವು ಮಾಡದೆ ಕಾರು ಹೊರಗೆ ಬರುವುದಿಲ್ಲ. ಮೊದಲ ಚಳಿಗಾಲ ಬಾಯಮ್ಮನೇ ಅಗಲ ಬಾಯಿಯ ಹಾರೆ ಹಿಡಿದು ತೆಗೆದರು, ಸೊಂಟ ಹಿಡಿಯಿತು. ೨೦೧೪ರ ಕೊನೆಗೆ ಪೊರ್ಬುಗಳು ಇಲ್ಲಿ ಕೂತು ಅಲ್ಲಿಯ ಅಂಗಡಿಯಿಂದ ಹಿಮ ಎತ್ತಿ ಬಿಸಾಡುವ ವಿದ್ಯುತ್ ಯಂತ್ರವೊಂದನ್ನು ತರಿಸಿಕೊಟ್ಟರು. ಹುಲ್ಲು ಕತ್ತರಿಸುವ ಯಂತ್ರದ ಹಾಗೆ ತಳ್ಳಿಕೊಂಡು ಹೋಗುವುದು. ಮುಂದೆ ತಿರುಗುವ ಹಲ್ಲು, ಮೇಲೆ ಸೊಂಡಿಲಿನಂಥ ಬಾಯಿ, ಹಿಂದೆ ಉದ್ದಕ್ಕೆ ವಯರು. ಓಡಿಸುವವಳು ಮಗಳು. ಅವಳು ಹನ್ನೊಂದನೇ ತರಗತಿಯಲ್ಲಿದ್ದಳು. ಅಲ್ಲಿ ಬೆಳಿಗ್ಗೆ ಆರು ಗಂಟೆ ಎಂದರೆ ಇಲ್ಲಿ ಮಧ್ಯಾಹ್ನ ಮೂರು.

ಯಂತ್ರ ಮನೆಗೆ ತಲುಪುವ ಮೊದಲೇ ಅವರು ಅದಕ್ಕೊಂದು ಮೆಥಡ್ ಸ್ಟೇಟ್‌ಮೆಂಟ್ ಬರೆದರು. ಇಲ್ಲಿ ಕಟ್ಟಡದ ಯಾವ ಕೆಲಸಕ್ಕೂ ಅದು ಬೇಕು. ಕೆಲಸವನ್ನು ಹೇಗೆ, ಯಾವ ಉಪಕರಣದಿಂದ, ಯಾರ ಮೇಲ್ವಿಚಾರಣೆಯಲ್ಲಿ ಮಾಡುತ್ತೇವೆ ಎಂದು ಮೊದಲೇ ಬರೆದುಕೊಡುವ ಕಾಗದ. ಮನೆಯ ಹಿಮ ತೆಗೆಯಲು ಹಾಗೊಂದು ಕಾಗದ ಬರೆದವರು ಪ್ರಪಂಚದಲ್ಲಿ ಇವರೊಬ್ಬರೇ ಇರಬೇಕು. ನಾಲ್ಕು ಪುಟ. ದಾರಿಯ ಅಳತೆ ಹಾಕಿದ ನಕ್ಷೆ, ಯಂತ್ರ ಹೋಗಿಬರುವ ಸಾಲುಗಳಿಗೆ ಬಾಣದ ಗುರುತು, ಮೂರನೇ ಪುಟದಲ್ಲಿ ಸೂಪರ್‌ವೈಸರ್ ಎಂಬ ಕಾಲಮ್ಮಿನಲ್ಲಿ ಅವರದೇ ಹೆಸರು.

"ಇದಕ್ಕೊಂದು ನಂಬರ್ ಕೊಡು" ಎಂದರು.

"ಇದು ಕಂಪನಿಯದ್ದಲ್ಲವಲ್ಲ?"

"ಬೇರೆ ರಿಜಿಸ್ಟರ್ ಮಾಡು. ನಂಬರ್ ಇಲ್ಲದಿದ್ರೆ ಅವಳು ಓದುದಿಲ್ಲ."

ನಂಬರ್ ಇದ್ದರೂ ಅವಳು ಓದಲಿಲ್ಲ ಎಂಬುದು ಆಮೇಲಿನ ಮಾತು. ಆಗ ನನಗೆ ಆ ಆಟ ಇಷ್ಟವೇ ಆಯಿತು. ಹೊಸ ರಿಜಿಸ್ಟರಿಗೆ ರಟ್ಟು ಹಾಕಿ, ಗೆರೆ ಎಳೆದು, ಒಂದನೇ ನಂಬರ್ ಕೊಟ್ಟೆ.

ಒಂದು ದಿನ ಅದರ ರಿಹರ್ಸಲ್ ಕೂಡ ಆಯಿತು. ಕಟ್ಟಡದ ಹಿಂದಿನ ಪಾರ್ಕಿಂಗಿನಲ್ಲಿ ಸೀಮೆಸುಣ್ಣದಿಂದ ಕೆನಡಾದ ಮನೆಯ ದಾರಿಯನ್ನು ಅಳತೆಗೆ ಸರಿಯಾಗಿ ಬರೆದರು. ಯಂತ್ರದ ಬದಲಿಗೆ ಆಫೀಸಿನ ಫೈಲು ಸಾಗಿಸುವ ಟ್ರಾಲಿ. ಅದಕ್ಕೊಂದು ಎಕ್ಸ್‌ಟೆನ್ಷನ್ ವಯರು ಕಟ್ಟಿ, ಬಿಸಿಲಿನಲ್ಲಿ ಟೈ ಕಟ್ಟಿಕೊಂಡೇ ಹಿಂದೆ ಮುಂದೆ ತಳ್ಳಿದರು. ಎಷ್ಟು ಸಾಲು, ಎಷ್ಟು ನಿಮಿಷ ಎಂದು ನಾನು ಬರೆದುಕೊಳ್ಳಬೇಕು. ಕಟ್ಟಡದ ಕಾವಲಿನ ಪಠಾಣ ಮುದುಕ ಕುರ್ಚಿಯಿಂದ ಎದ್ದು ಬಂದ.

"ಕ್ಯಾ ಗುಮ್ ಗಯಾ ಸಾಬ್?" ಏನು ಕಳೆದುಹೋಯಿತು ಎಂದು ಕೇಳಿದ.

"ಬರ್ಫ್ ಹಟಾ ರಹಾ ಹೂಂ." ಹಿಮ ತೆಗೆಯುತ್ತಿದ್ದೇನೆ ಎಂದರು ಇವರು.

ಮುದುಕ ನೆಲ ನೋಡಿದ, ನನ್ನನ್ನು ನೋಡಿದ. "ಮಾಫಿ ಬರ್ಫ್ ಸಾಬ್" ಎಂದ. ಇಲ್ಲಿ ಹಿಮ ಇಲ್ಲವೇ ಇಲ್ಲವಲ್ಲ ಎಂದು. ವಿಷಯವೆಲ್ಲ ಹೇಳಿದ ಮೇಲೆ ಅವನು ನಗಲಿಲ್ಲ. ತನ್ನ ಹಳ್ಳಿಯಲ್ಲಿ ಚಳಿಗಾಲ ಪೂರ್ತಿ ಮಾಡಿನ ಮೇಲಿನ ಹಿಮ ಎಳೆದು ಹಾಕಿದವನು ಅವನು. ಹಿಮ ನೀರಲ್ಲ, ಹಾಕಿದಲ್ಲೇ ಕೂತಿರುತ್ತದೆ. ಮೊದಲು ಅದನ್ನು ಎಲ್ಲಿ ಹಾಕುತ್ತೀರಿ ಎಂದು ನೋಡಿ, ಆಮೇಲೆ ಮಿಷೀನು ಎಂದು ತನ್ನ ಹಿಂದಿಯಲ್ಲಿ ನಿಧಾನವಾಗಿ ಹೇಳಿದ. ಪೊರ್ಬುಗಳು ಅವನಿಗೆ "ಶುಕ್ರಿಯಾ" ಹೇಳಿದರು. ಮೇಲೆ ಬಂದ ಮೇಲೆ ನನ್ನ ಹತ್ತಿರ, "ಅವನಿಗೆ ಎಂತ ಗೊತ್ತು, ಅವನದ್ದು ಹಾರೆ, ನಮ್ಮದು ಮೆಷಿನ್" ಎಂದರು.

ನನಗೆ ಆ ಆಟ ಬೇಸರವಾದದ್ದು ಜನವರಿಯ ಮೊದಲ ದೊಡ್ಡ ಹಿಮದ ದಿನದಿಂದ. ಇಲ್ಲಿಂದ ಮೊಬೈಲಿನ ಆ್ಯಪಿನಲ್ಲಿ ಬರೆದು ಕಳಿಸಬಹುದು, ಫೋಟೊ ಕಳಿಸಬಹುದು. ನೇರ ಮಾತಾಡಲು ಇಲ್ಲಿಯ ಸರ್ಕಾರ ಬಿಡುವುದಿಲ್ಲ. ಹಾಗಾಗಿ ಅವರು ಸಾದಾ ಫೋನ್ ಕರೆ ಮಾಡಿ ಸ್ಪೀಕರಿಗೆ ಹಾಕುತ್ತಿದ್ದರು. ಮಗಳು ತನ್ನ ಫೋನನ್ನು ಜಾಕೆಟಿನ ಕಿಸೆಯಲ್ಲಿಟ್ಟು ಯಂತ್ರ ಓಡಿಸುವಳು. ಯಂತ್ರ ಓಡುವಾಗ ಅದರ ಸದ್ದಿಗೆ ಅವಳಿಗೆ ಇವರ ಮಾತು ಕೇಳುವುದಿಲ್ಲ. ಯಂತ್ರ ನಿಲ್ಲಿಸಿದರೆ ಕೇಳುತ್ತದೆ, ಆದರೆ ನಿಂತ ಯಂತ್ರಕ್ಕೆ ಹೇಳಲು ಇವರ ಬಳಿ ಏನೂ ಇರುವುದಿಲ್ಲ.

"ಸೊಂಡಿಲು ಎಡಕ್ಕೆ ತಿರುಗಿಸು. ಎಡಕ್ಕೆ. ಕೇಳ್ತದಾ?"

"ಡ್ಯಾಡಿ, ಐ ಕಾಂಟ್ ಹಿಯರ್ ಯು."

"ನಕ್ಷೆ ನೋಡಿದ್ಯಾ ನೀನು?"

"ಡ್ಯಾಡಿ, ಇಟ್ಸ್ ಡಾರ್ಕ್."

ಆ ದಿನ ಎಂಟು ನಿಮಿಷಕ್ಕೆ ಯಂತ್ರ ನಿಂತಿತು. ಮತ್ತೆ ಹಚ್ಚಿದರೆ ನಾಲ್ಕು ನಿಮಿಷಕ್ಕೆ. ಗೋಡೆಯ ಪ್ಲಗ್ ಟ್ರಿಪ್ ಆಗುತ್ತಿತ್ತು. ವಯರು ಮುಟ್ಟಿದರೆ ಬಿಸಿ, ಹಿಮದ ಮೇಲೆ ಬಿದ್ದುಕೊಂಡೂ ಬಿಸಿ ಎಂದು ಮಗಳು ಹೇಳಿದಳು. ಬಾಯಮ್ಮ ಡ್ಯೂಟಿಗೆ ನಲವತ್ತು ನಿಮಿಷ ತಡ. ಅದೇ ವಾರ ಇನ್ನೊಮ್ಮೆ ಹೀಗೇ ಆಯಿತು, ಮರುವಾರ ಮೂರನೇ ಸಲ. ಮೂರನೇ ಸಲಕ್ಕೆ ಅವರನ್ನು ಬೆಳಗಿನ ಪಾಳಿಯಿಂದ ತೆಗೆದು ರಾತ್ರಿ ಪಾಳಿಗೆ ಹಾಕಿದರು.

ಪೊರ್ಬುಗಳು ಮಗಳಿಗೆ ಬೈದರು. "ನೀನು ಅದನ್ನು ಎಳೆದು ಎಳೆದು ಓಡಿಸ್ತಿ. ಮೆಷಿನಿಗೆ ಉಸಿರು ಬಿಡ್ಲಿಕ್ಕೆ ಬಿಡುದಿಲ್ಲ. ನಿನ್ನಿಂದಾಗಿ ಮಮ್ಮಿಗೆ ಈಗ ಹೀಗಾಯ್ತು." ಅವಳು ಫೋನ್ ಇಟ್ಟಳು. ನಾನು ಎದುರಿನ ಮೇಜಿನಲ್ಲಿ ಕೂತಿದ್ದೆ. ಅವಳಿಗಿಂತ ನಾನು ಏಳು ವರ್ಷ ದೊಡ್ಡವಳು. ಬೈಗುಳ ನನಗೇ ತಗುಲಿದ ಹಾಗಾಯಿತು.

ಎರಡು ದಿನ ಬಿಟ್ಟು ಅವರು ಕೇಬಲ್ಲಿನ ಕೋಷ್ಟಕದ ಪುಸ್ತಕ ತೆರೆದು ಕೂತಿದ್ದರು. ಬೇರೆ ಯಾವುದೋ ಟೆಂಡರಿಗೆ. ಪೆನ್ಸಿಲ್ ಒಮ್ಮೆಲೇ ನಿಂತಿತು. ಡ್ರಾಯರಿನಿಂದ ಮೆಥಡ್ ಸ್ಟೇಟ್‌ಮೆಂಟ್ ತೆಗೆದು ಎರಡನೇ ಪುಟ ನೋಡಿದರು, ಬಹಳ ಹೊತ್ತು.

"ಎಂತ ಆಯ್ತು?" ಎಂದೆ.

"ಅಲ್ಲಿ ವೋಲ್ಟೇಜು ನೂರ ಇಪ್ಪತ್ತು" ಎಂದರು ಮೆಲ್ಲಗೆ.

ಯಂತ್ರದ ವ್ಯಾಟನ್ನು ಅವರು ಇಲ್ಲಿಯ ಇನ್ನೂರ ನಲವತ್ತಕ್ಕೆ ಭಾಗಿಸಿ ವಯರಿನ ದಪ್ಪ ನಿರ್ಧರಿಸಿದ್ದರು. ವೋಲ್ಟೇಜು ಅರ್ಧವಾದರೆ ವಯರಿನಲ್ಲಿ ಹರಿಯುವ ಕರೆಂಟು ಎರಡರಷ್ಟು. ಅವರು ತರಿಸಿಕೊಟ್ಟ ವಯರು ಅದಕ್ಕೆ ತೀರ ತೆಳ್ಳಗಾಯಿತು. ಕೈ ಹದಿನೈದು ವರ್ಷದ ಅಭ್ಯಾಸದಲ್ಲಿ ತಾನಾಗಿ ಇಲ್ಲಿಯ ಸಂಖ್ಯೆ ಬರೆದಿತ್ತು. ಊರಿನಲ್ಲೂ ಅದೇ ಸಂಖ್ಯೆ, ಗಲ್ಫಿನಲ್ಲೂ ಅದೇ. ಬೇರೆ ಸಂಖ್ಯೆಯ ದೇಶದಲ್ಲಿ ಅವರು ಕೆಲಸ ಮಾಡಿದವರೇ ಅಲ್ಲ.

ಅದೇ ಸಂಜೆ ಎರಡನೇ ತಿದ್ದುಪಡಿ ಬಂತು. ದಪ್ಪ ವಯರು. ಬದಲಾವಣೆಗೆ ಕಾರಣ ಎಂಬಲ್ಲಿ "ಸೈಟಿನ ಪರಿಸ್ಥಿತಿಗೆ ಅನುಗುಣವಾಗಿ" ಎಂದು ಬರೆದಿದ್ದರು.

"ಪೊರ್ಬುಗಳೇ, ಅವಳಿಗೆ ಹೇಳಿ" ಎಂದೆ.

"ಎಂತ ಹೇಳುದು?"

"ತಪ್ಪು ಅವಳದ್ದಲ್ಲ ಅಂತ."

ಅವರು ಬ್ಲೇಡು ತೆಗೆದು ಪೆನ್ಸಿಲ್ ಕೆತ್ತತೊಡಗಿದರು. "ಹೇಳಿದ್ರೆ ನಾಳೆಯಿಂದ ನನ್ನ ಮಾತು ಕೇಳ್ತಾಳಾ ಅವಳು? ಈಗಲೇ ಅರ್ಧ ಕೇಳುದಿಲ್ಲ. ಅಲ್ಲಿ ನನಗೆ ಇರುವ ಕೆಲಸ ಇದೊಂದೇ ಮಾರಾಯ್ತಿ."

ಕೆಲಸ ಎಂದದ್ದು ಯಾಕೆ ಎಂದು ನನಗೆ ಗೊತ್ತಾದದ್ದು ಅದೇ ವರ್ಷದ ರಂಜಾನಿನಲ್ಲಿ. ಖಾಲಿದಿಯಾದಲ್ಲಿ ಒಬ್ಬ ಗ್ರಾಹಕನ ಆಫೀಸಿಗೆ ಕಾಗದ ಕೊಟ್ಟು ಇಬ್ಬರೂ ಟ್ಯಾಕ್ಸಿಗೆ ಕಾಯುತ್ತಿದ್ದೆವು. ಬಿಸಿಲು ಸುಡುತ್ತಿತ್ತು, ಟ್ಯಾಕ್ಸಿ ಬರಲಿಲ್ಲ. ಅವರು ಕೇಳದೆಯೇ ಹೇಳಿದರು. ಕೆನಡಾದ ಆ ಮೂರು ವಾರದಲ್ಲಿ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದರಂತೆ. ತಾವು ಅಂದಾಜು ಮಾಡಿದ ನಲವತ್ತು ಮಹಡಿಯ ಕಟ್ಟಡಗಳ ಪಟ್ಟಿ ತೆಗೆದುಕೊಂಡು. ಎದುರಿಗೆ ಕೂತಿದ್ದ ಹುಡುಗಿ ಪಟ್ಟಿ ನೋಡಿ, ಚೆನ್ನಾಗಿದೆ, ಆದರೆ ನಿಮಗೆ ಇಲ್ಲಿಯ ಅನುಭವ ಇಲ್ಲವಲ್ಲ ಎಂದಳಂತೆ. ಎಲೆಕ್ಟ್ರಿಕಲ್ ಸಾಮಾನಿನ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಕೆಲಸ ಉಂಟು, ಅಲ್ಲಿಂದ ಶುರುಮಾಡಬಹುದು ಎಂದು ಸೌಜನ್ಯದಿಂದಲೇ ಹೇಳಿದಳಂತೆ.

"ಐವತ್ತಮೂರು ವರ್ಷ ನನಗೆ. ಅವಳು ಪಾಪ ಒಳ್ಳೆಯವಳೇ. ನೀರು ಕೂಡ ಕೊಟ್ಳು" ಎಂದರು. ಮತ್ತೆ ಆ ವಿಷಯ ಅವರು ಎತ್ತಲಿಲ್ಲ. ನನಗೆ ಅವರ ಮೇಲೆ ಇದ್ದ ಸಿಟ್ಟು ಆ ದಿನ ಸ್ವಲ್ಪ ತಗ್ಗಿತು. ಚಳಿಗಾಲ ಬಂದ ಕೂಡಲೇ ಮತ್ತೆ ಏರಿತು.

ಯಂತ್ರದ ಎರಡನೇ ಚಳಿಗಾಲಕ್ಕೆ ಬಾಯಮ್ಮನಿಗೆ ಬೆಳಗಿನ ಪಾಳಿ ಮರಳಿ ಸಿಕ್ಕಿತ್ತು, ಇನ್ನು ತಡವಾದರೆ ಕೆಲಸವೇ ಇಲ್ಲ ಎಂಬ ಎಚ್ಚರಿಕೆಯ ಜೊತೆ. ವಯರು ದಪ್ಪವಾಗಿತ್ತು, ಯಂತ್ರ ಓಡಿತು. ಆದರೆ ನಕ್ಷೆಯಲ್ಲಿ ಪ್ರತಿ ಬಾಣವೂ ಎಡಬದಿಗೆ ಎಸೆಯುತ್ತಿತ್ತು. ಡಿಸೆಂಬರಿನ ಹಿಮ ಅಲ್ಲೇ ಕೂತಿತು, ಅದರ ಮೇಲೆ ಜನವರಿಯದ್ದು. ಬದಿಯ ರಾಶಿ ಮಗಳ ಭುಜದ ಎತ್ತರಕ್ಕೆ ಬಂದ ಮೇಲೆ, ಎಸೆದ ಹಿಮ ರಾಶಿಯ ತುದಿಗೆ ಹೊಡೆದು ದಾರಿಗೇ ವಾಪಸ್ ಬೀಳತೊಡಗಿತು. ಅದರ ಮೇಲೆ, ರಸ್ತೆಯ ಹಿಮ ಸರಿಸುವ ಮುನಿಸಿಪಾಲಿಟಿಯ ಲಾರಿ ಗೇಟಿನ ಬಾಯಿಗೆ ಗಟ್ಟಿ ಹಿಮದ ಒಡ್ಡು ತಂದು ಹಾಕಿ ಹೋಗುತ್ತಿತ್ತು. ಯಂತ್ರದ ಹಲ್ಲಿಗೆ ಅದು ಒಡೆಯುವುದಿಲ್ಲ.

"ಅದು ನಮ್ಮ ಸ್ಕೋಪ್ ಅಲ್ಲ. ಮುನಿಸಿಪಾಲಿಟಿ ತೆಗೀಬೇಕು, ಕಾಗದ ಬರಿ" ಎಂದರು ಪೊರ್ಬುಗಳು.

ಆಗ ಫೋನಿನಲ್ಲಿ ಬಾಯಮ್ಮನ ದನಿ ಬಂತು. ಕೊಂಕಣಿಯಲ್ಲಿ ಹೇಳಿದ್ದು, ನನಗೆ ಅರ್ಥವಾದಷ್ಟು ಇದು: "ನೀವು ಅಲ್ಲಿ ಕೂತು ಮಾತಾಡುವಷ್ಟರಲ್ಲಿ ನಾನು ಹಾರೆಯಲ್ಲಿ ಎರಡು ಸಲ ತೆಗೀತಿದ್ದೆ. ಕಾಗದ ಬರೀಲಿಕ್ಕೆ ನನಗೆ ಪುರುಸೊತ್ತಿಲ್ಲ. ಪುರೊ." ಸಾಕು ಎಂದು. ಹಿಂದೆ ಹಾರೆ ಐಸಿಗೆ ಕುಟ್ಟುವ ಸದ್ದು ಕೇಳಿತು. ಟಕ್, ಟಕ್. ಇವರು ಫೋನನ್ನು ಕಿವಿಗೆ ಒತ್ತಿಕೊಂಡು ಆ ಸದ್ದನ್ನು ಕೇಳುತ್ತ ಕೂತರು. ಕರೆ ಕಡಿಯಿತು. ಇಪ್ಪತ್ತೊಂದನೆಯದು.

ಅವರು ನಿಧಾನವಾಗಿ ಟೈಪ್ ಮಾಡುವವರು. ಹಾಗಾಗಿ ಅವರ ಸೂಚನೆಗಳನ್ನು ಮಗಳಿಗೆ ಬರೆದು ಕಳಿಸುವ ಕೆಲಸ ಅಷ್ಟರಲ್ಲಿ ನನ್ನ ಪಾಲಿಗೆ ಬಂದಿತ್ತು. ಅವಳು ನನಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಆ ದಿನ ಬರೆದಳು: ಅಕ್ಕಾ, ಈ ಡಾಕ್ಯುಮೆಂಟುಗಳನ್ನು ನಾನು ಒಂದನ್ನೂ ತೆರೆದಿಲ್ಲ. ಅವರಿಗೆ ಹೇಳಬೇಡಿ. ಅವರು ಬರುತ್ತಾರಾ ಇಲ್ಲವಾ, ಅಷ್ಟು ಕೇಳಿ ಹೇಳಿ.

ಫೆಬ್ರವರಿಯ ಕೊನೆಗೆ ಅವರು ಏಳನೇ ತಿದ್ದುಪಡಿ ತಂದು ನನ್ನ ಮೇಜಿನ ಮೇಲಿಟ್ಟರು. ಬಾಣಗಳು ಈಗ ಎರಡೂ ಬದಿಗೆ ಇದ್ದವು. ಬಣ್ಣ ಕೂಡ ಹಾಕಿದ್ದರು. ನಾನು ಪುಟ ತಿರುಗಿಸಿ ನೋಡಿ ವಾಪಸ್ ಕೊಟ್ಟೆ.

"ಇದಕ್ಕೆ ನಂಬರ್ ಕೊಡುದಿಲ್ಲ ಪೊರ್ಬುಗಳೇ."

"ಎಂತ ಕಮ್ಮಿ ಉಂಟು?"

"ಮೂರನೇ ಪುಟ ನೋಡಿ. ಸೂಪರ್‌ವೈಸರ್ ಅಂತ ನಿಮ್ಮ ಹೆಸರು. ಸೈಟಿನಲ್ಲಿ ಹಾಜರಿ, ಪೂರ್ಣಕಾಲ."

"ಹೌದು. ಮತ್ತೆ?"

"ಎರಡು ಚಳಿಗಾಲದಲ್ಲಿ ಒಂದು ದಿನದ ಹಾಜರಿ ಇಲ್ಲ. ನನ್ನ ಹತ್ರ ಲೆಕ್ಕ ಉಂಟು. ಬೇರೆ ಕಂಪನಿಯವರು ಹೀಗೆ ಬರೆದು ಕಳಿಸಿದ್ರೆ ನೀವೇ ವಾಪಸ್ ಕಳಿಸ್ತಿದ್ರಿ."

ಅವರು ಕನ್ನಡಕ ತೆಗೆದರು. ನಾನು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. "ಜುಲೈಗೆ ಇನ್ನು ಐದು ತಿಂಗಳು ಉಂಟು. ಅವರಿಗೆ ನಿಮ್ಮ ನಕ್ಷೆ ಬೇಡ. ಪೆಟ್ಟಿಗೆ ಎಣಿಸುವ ಕೆಲಸವಾದ್ರೆ ಪೆಟ್ಟಿಗೆ ಎಣಿಸಿ. ಹೋಗಿ. ಆ ಕಾಲಮ್ಮಿಗೆ ಸರಿಯಾಗಿ ಮನುಷ್ಯ ಬೇಕು ಅಲ್ಲಿ."

ಪಕ್ಕದ ಕ್ಯಾಬಿನಿನವರು ಇಣುಕಿ ನೋಡಿದರು. ಪೊರ್ಬುಗಳು ಕಾಗದ ತೆಗೆದುಕೊಂಡು ತಮ್ಮ ಮೇಜಿಗೆ ಹೋದರು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರು ಗಂಟೆಗೆ ಫೋನ್ ಕೂಡ ಮಾಡಲಿಲ್ಲ. ಅವರು ರಾಜೀನಾಮೆ ಬರೆಯುತ್ತಿದ್ದಾರೆ ಎಂದುಕೊಂಡೆ. ಡೈರಿಯಲ್ಲಿ ಹಾಗೆಂದೇ ಬರೆದೆ, ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಮಗಳಿಗೂ, ಬರಬಹುದು ಎಂದು ಕಳಿಸಿದೆ. ಈಗ ಯೋಚಿಸಿದರೆ ಆ ಒಂದು ಮೆಸೇಜು ನಾನು ಕಳಿಸಬಾರದಿತ್ತು.

ಮೂರನೇ ದಿನ ಅವರು ಅದೇ ಕಾಗದ ತಂದಿಟ್ಟರು. ಮೂರನೇ ಪುಟದಲ್ಲಿ ತಮ್ಮ ಹೆಸರನ್ನು ಹೊಡೆದುಹಾಕಿದ್ದರು. ನಮ್ಮಲ್ಲಿರುವ ಕ್ರಮದಂತೆ ಒಂದೇ ಗೆರೆ, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಪಕ್ಕದಲ್ಲಿ ಚಿಕ್ಕ ಸಹಿ, ತಾರೀಕು. ಮೇಲೆ ಮಗಳ ಹೆಸರು ಬರೆದಿದ್ದರು, ಚೆನ್ನಾಗಿ ಕೆತ್ತಿದ ಪೆನ್ಸಿಲಿನಲ್ಲಿ. ಬದಲಾವಣೆಗೆ ಕಾರಣ ಎಂಬಲ್ಲಿ ಒಂದು ಸಾಲು ಇತ್ತು: ಹಿಂದಿನ ಸೂಪರ್‌ವೈಸರ್ ಸೈಟಿನಲ್ಲಿ ಲಭ್ಯವಿಲ್ಲ.

"ಈಗ ಸರಿ ಉಂಟಾ ನೋಡು" ಎಂದರು.

ನಾನು ನಾಲ್ಕೂ ಪುಟ ನೋಡಿದೆ. ತಪ್ಪು ಹುಡುಕಲೆಂದೇ ಇನ್ನೊಂದು ಸಲ ನೋಡಿದೆ. ಎಲ್ಲ ಕಾಲಮ್ಮು ತುಂಬಿತ್ತು. ವಾಪಸ್ ಕಳಿಸಲು ನನಗೆ ಒಂದು ಕಾರಣವೂ ಸಿಗಲಿಲ್ಲ.

"ಸರಿ ಉಂಟು ಪೊರ್ಬುಗಳೇ" ಎಂದು ಹೇಳಿ ನಂಬರ್ ಕೊಟ್ಟೆ.